ಅಂಚೆಯಲ್ಲಿ ಬಂದ ಅಂಗಿ

ಮಾರ್ಚ್ ೨

ನಮ್ಮ ಗೂಬೆಗೆ,

ಪೇಪರಿನಲ್ಲಿ ಫೋಟೊ ಬರುತ್ತದೆ, ಹೆಸರಿನ ಕೆಳಗೆ ನಿರ್ದೇಶಕ ಎಂದು ಹಾಕುತ್ತಾರೆ, ಎಲ್ಲ ಸರಿ. ಆದರೂ ಕಾಗದದ ಮೇಲೆ ನಾನು ಗೂಬೆ ಎಂದೇ ಬರೆಯುವವಳು. ಪರದೆಯ ಮುಂದೆ ಕೂತರೆ ರೆಪ್ಪೆ ಬಡಿಯದೆ ನೋಡುತ್ತಿದ್ದವನಿಗೆ ನಾನಿಟ್ಟ ಹೆಸರು ಅದು. ಅದರ ಮೇಲೆ ನನಗೆ ಹಕ್ಕಿದೆ.

ನೀನು ಕಳಿಸಿದ ವ್ಯಾನು ಸೋಮವಾರ ಬಂತು. ಇಬ್ಬರು ಆಳುಗಳು ನನ್ನ ಹೊಲಿಗೆ ಮಿಷನ್ನಿಗೆ ಕಂಬಳಿ ಸುತ್ತಿ ಮೆಟ್ಟಿಲಿಳಿಸಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು, ಮನೆಯಲ್ಲಿ ಯಾರೋ ಹೋಗಿಬಿಟ್ಟರು ಅನ್ನುವ ಹಾಗೆ. "ಹುಷಾರಪ್ಪಾ, ಅದು ನನ್ನ ಅನ್ನ" ಅಂದೆ. "ಒಂದೇ ತಿಂಗಳು ಅಜ್ಜಿ, ಹೀರೊಯಿನ್ ಥರ ನೋಡ್ಕೋತೀವಿ" ಅಂದ ಒಬ್ಬ. ಅಜ್ಜಿಯಂತೆ. ಕಿಟಕಿ ಪಕ್ಕದ ಮೂಲೆ ಈಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ನೆಲದ ಮೇಲೆ ಅದರ ಕಾಲುಗಳ ಗುರುತು ಮಾತ್ರ ಇದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ.

ಸರಿ, ವಾಡಿಕೆಯಂತೆ ಈ ಬೇಸಿಗೆಯ ಮೊದಲ ಅಭಿಪ್ರಾಯ. ನೀನು ಹಾಸ್ಟೆಲಿಗೆ ಹೋದಾಗ "ಸಿನಿಮಾ ನೋಡಿದ್ರೆ ಕಥೆ ಬರೆದು ಕಳಿಸು" ಅಂದಿದ್ದೆ. ನೀನೇ ಸಿನಿಮಾ ತೆಗೆಯುವವನಾದ ಮೇಲೂ ನನಗೆ ಆ ಚಟ ಬಿಟ್ಟಿಲ್ಲ. ಕೆಳಗಿನ ಮನೆಯ ನರ್ಸು ಜೊತೆಗಿದ್ದಳು. ಚಿತ್ರದ ಹೆಸರು ನನಗೆ ನೆನಪುಳಿಯುವುದಿಲ್ಲ, ಸುತ್ತಿಗೆ ಚಿತ್ರ ಎಂದಿಟ್ಟುಕೋ. ನಾಯಕ ಶುರುವಿನಿಂದ ಕೊನೆಯವರೆಗೆ ಸುತ್ತಿಗೆ ಹಿಡಿದು ಜನರನ್ನು ಹೊಡೆಯುತ್ತಾನೆ. ಯಾಕೆಂದು ಮಧ್ಯಂತರದ ಹೊತ್ತಿಗೆ ಅವನಿಗೇ ಮರೆತಿರುತ್ತದೆ. ಅಷ್ಟು ಹೊಡೆದಾಟದಲ್ಲಿ ಅವನ ಅಂಗಿಯ ಒಂದು ಗುಂಡಿಯೂ ಕಿತ್ತು ಬರಲಿಲ್ಲ. ಆ ದಾರ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ತಿಳಿಸು. ನರ್ಸು ಪಾಪ ಹಲ್ಲು ಕಚ್ಚಿಕೊಂಡು ಕೂತಿದ್ದಳು. "ಅಕ್ಕಾ, ನಮ್ಮ ವಾರ್ಡಲ್ಲಿ ಒಬ್ಬ ಮಂಚದಿಂದ ಜಾರಿ ಬಿದ್ದು ಇನ್ನೂ ಮಲಗಿದಾನೆ. ಇವನು ಬೆನ್ನಿಗೆ ಕಬ್ಬಿಣ ಚುಚ್ಚಿಸ್ಕೊಂಡು ಡ್ಯಾನ್ಸ್ ಮಾಡ್ತಾನೆ" ಅಂದಳು. ಆಮೇಲೆ ನಿದ್ದೆ ಹೋದಳು. ಅವಳದ್ದೇ ಸರಿಯಾದ ವಿಮರ್ಶೆ.

ನಿನ್ನದು ಮೇ ತಿಂಗಳಿಗೆ ಬರುತ್ತದಂತೆ. ನಮ್ಮ ಮನೆಯ ಕಥೆಯನ್ನೇ ತೆಗೆಯುತ್ತಿದ್ದೇನೆ, ನಮ್ಮದೇ ಮಿಷನ್ನು ಬೇಕು ಎಂದು ನೀನು ಕೇಳಿದ ದಿನದಿಂದ ಒಂದೇ ಯೋಚನೆ. ನನ್ನ ಪಾತ್ರ ಯಾರಿಗೆ ಕೊಟ್ಟೆ? ಚೆಲುವೆಯೇ ಆಗಬೇಕೆಂದಿಲ್ಲ. ಸೂಜಿಗೆ ದಾರ ಪೋಣಿಸುವುದು ಬಂದರೆ ಸಾಕು.

ನಿನ್ನ ದೊಡ್ಡಮ್ಮ

*

ಮಾರ್ಚ್ ೧೯

ಪ್ರೀತಿಯ ದೊಡ್ಡಮ್ಮನಿಗೆ,

ಚಿತ್ರೀಕರಣದ ವೇಳಾಪಟ್ಟಿಯ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ, ಬೈಯಬೇಡ. ಬೇರೆ ಹಾಳೆ ಹುಡುಕುವಷ್ಟೂ ಬಿಡುವಿಲ್ಲ.

ಮಿಷನ್ನು ಕ್ಯಾಮೆರಾ ಮುಂದೆ ಇಟ್ಟ ಮೇಲೆ ಸೆಟ್ಟಿನಲ್ಲಿದ್ದವರೆಲ್ಲ ಸುತ್ತ ಬಂದು ನಿಂತರು. ಆ ಕಟಕಟ ಸದ್ದು ಕೇಳಿ ನನಗೆ ನಮ್ಮ ಮನೆಯ ಕಿಟಕಿ ನೆನಪಾಯಿತು. ಇನ್ನೊಂದು ತಿಂಗಳು ಬೇಕಾಗಬಹುದು, ಅಲ್ಲಿಯವರೆಗೆ ಹೇಗಾದರೂ ಸುಧಾರಿಸಿಕೋ.

ಅಮ್ಮ ದಿನಾ ಸೆಟ್ಟಿಗೆ ಬರುತ್ತಾಳೆ. ನನ್ನ ಮನೆಗೆ ಬಂದಿದ್ದು ಅವಳಿಗೆ ಒಳ್ಳೆಯದೇ ಆಯಿತು, ಮುಖದಲ್ಲಿ ಕಳೆ ಬಂದಿದೆ. ಪೆಡಲು ತುಳಿಯುವುದು ಹೇಗೆಂದು ನಾಯಕಿಗೆ ಅವಳೇ ತೋರಿಸಿಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿನ್ನ ಪಾತ್ರ ಚಿಕ್ಕದು. ಆದರೆ ಮಾಡುತ್ತಿರುವವರು ನುರಿತ ಕಲಾವಿದೆ, ಬಂದು ನಿಂತರೆ ಸಾಕು, ಜನ ಮರೆಯುವುದಿಲ್ಲ. ಮಿಕ್ಕಿದ್ದನ್ನು ಪರದೆಯ ಮೇಲೇ ನೋಡು.

ಸುತ್ತಿಗೆ ಚಿತ್ರದ ನಿರ್ದೇಶಕ ನನ್ನ ಗೆಳೆಯ. ದಾರದ ವಿಷಯ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕ.

ನಿನ್ನ
ಗೂಬೆ

*

ಏಪ್ರಿಲ್ ೧೪

ನಮ್ಮ ಗೂಬೆಗೆ,

ಈ ಸಲ ಎರಡು ಚಿತ್ರ.

ಮೊದಲನೆಯದು ಹಿಮದ ಚಿತ್ರ. ಹುಡುಗ ಹುಡುಗಿ ಇಬ್ಬರಿಗೂ ಕೆಲಸವಿಲ್ಲ, ಊರೂರು ಅಲೆಯಲು ಹಣ ಮಾತ್ರ ಧಾರಾಳ. ಹಿಮದ ಮೇಲೆ ಹುಡುಗಿ ತೆಳ್ಳಗಿನ ಬಟ್ಟೆಯಲ್ಲಿ ಕುಣಿಯುತ್ತಾಳೆ, ಅವನು ಮಾತ್ರ ಕುತ್ತಿಗೆಯವರೆಗೆ ಕೋಟು ಹಾಕಿದ್ದಾನೆ. ಪ್ರೀತಿ ಇದ್ದವನು ಮೊದಲು ಕೋಟು ಬಿಚ್ಚಿ ಕೊಡುತ್ತಿದ್ದ. ಎರಡನೆಯದು ದೆವ್ವದ್ದು. ದೆವ್ವವೇ ಎಲ್ಲರಿಗಿಂತ ಚೆನ್ನಾಗಿ ನಟಿಸಿದೆ. ತನ್ನ ಮನೆಯಲ್ಲಿ ಬೇರೆಯವರು ಬಂದು ಕೂತಿದ್ದಾರೆ, ಎದ್ದು ಹೋಗಿ ಅನ್ನುತ್ತದೆ, ಅಷ್ಟೇ. ನನಗೆ ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ. ನರ್ಸು ಹೆದರಿ ನನ್ನ ತೋಳು ಹಿಡಿದುಕೊಂಡು ಆಮೇಲೆ ಹಾಗೆಯೇ ನಿದ್ದೆ ಹೋದಳು.

ಮಿಷನ್ನಿಲ್ಲದೆ ಕೈಹೊಲಿಗೆ ಮಾಡುತ್ತಿದ್ದೇನೆ. ಆಸ್ಪತ್ರೆಯ ಸಮವಸ್ತ್ರದ ಕೆಲಸ ಬೇರೆಯವರಿಗೆ ಹೋಯಿತು. ಅಂಚು ಮಡಚುವ, ಗುಂಡಿ ಹಾಕುವ ಕೆಲಸ ಮಾತ್ರ ಬರುತ್ತದೆ. ಬೆರಳ ತುದಿ ಜರಡಿಯಾಗಿದೆ. ದೂರಲು ಬರೆದದ್ದಲ್ಲ, ಕೇಳುತ್ತೀಯಲ್ಲ ಎಂದು ಬರೆದೆ. ಕೇಳಲಿಲ್ಲವೋ, ಸರಿ.

ನಿನ್ನಮ್ಮ ಪೆಡಲು ತುಳಿಯುವುದನ್ನು ಕಲಿಸಿದಳು ಎಂದು ಬರೆದಿದ್ದೀಯ. ನಿನ್ನನ್ನು ನನ್ನ ಹತ್ತಿರ ಬಿಟ್ಟು ಕೆಲಸ ಹುಡುಕಿಕೊಂಡು ಹೋದಳಲ್ಲ, ಅದಕ್ಕೂ ಮುಂಚೆ ಈ ಮನೆಯಲ್ಲಿದ್ದಾಗಲೂ ಅವಳು ಮಿಷನ್ನಿನ ಹತ್ತಿರ ಸುಳಿದವಳಲ್ಲ. "ಅದರ ಸದ್ದಿಗೆ ತಲೆ ಸಿಡಿಯುತ್ತೆ ಅಕ್ಕಾ" ಅನ್ನುತ್ತಿದ್ದಳು. ಎಲ್ಲಿ ಕಲಿತಳೋ. ಇರಲಿ, ತಂಗಿ ಚೆನ್ನಾಗಿರಲಿ.

ನಿನ್ನ ಚಿತ್ರದಲ್ಲಿ ನಮ್ಮ ಥಿಯೇಟರು ಇದೆಯೇ? ಅದರ ಸೀಟುಗಳ ಕವರು ನಾನು ಹೊಲಿಯುತ್ತಿದ್ದೆನಲ್ಲ, ಅದಕ್ಕೆ ಮ್ಯಾನೇಜರು ನಮ್ಮಿಬ್ಬರನ್ನು ಮಧ್ಯಾಹ್ನದ ಆಟಕ್ಕೆ ಹಾಗೇ ಬಿಡುತ್ತಿದ್ದ. ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ದೀಪ ಆರಿದ ಮೇಲೆ ನೀನು ನನ್ನನ್ನು ಅಮ್ಮಾ ಅನ್ನುತ್ತಿದ್ದೆ. ದೀಪ ಹತ್ತಿತೋ, ಮತ್ತೆ ದೊಡ್ಡಮ್ಮ. ಒಂದು ಸಲ ಬೀದಿಯಲ್ಲಿ ಹಾಗೆ ಕರೆದಾಗ ನಾನೇ ತಿದ್ದಿದ್ದೆ: "ನಿನ್ನಮ್ಮ ಬರ್ತಾಳೆ ಕಣೋ, ಆ ಮಾತು ಅವಳಿಗೆ ಎತ್ತಿಟ್ಟಿರು." ನೀನು ಒಪ್ಪಿಕೊಂಡೆ. ಆದರೆ ಕತ್ತಲಲ್ಲಿ ಅಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂದು ನಿನ್ನ ಪುಟ್ಟ ತಲೆಗೆ ಹೊಳೆದಿತ್ತು. "ಅಮ್ಮಾ, ಅವನು ಸಾಯ್ತಾನಾ?" ಅಂದರೆ ನಾನು "ಏನೋ? ಸುಮ್ನೆ ನೋಡು" ಅನ್ನುತ್ತಿದ್ದೆ. ನಾನೂ ತಿದ್ದುತ್ತಿರಲಿಲ್ಲ. ಇದನ್ನು ನಾವಿಬ್ಬರೂ ಬೆಳಕಿನಲ್ಲಿ ಯಾವತ್ತೂ ಮಾತಾಡಿಲ್ಲ. ಈಗ ಯಾಕೆ ಬರೆದೆ ಎಂದರೆ, ನೀನು ನಮ್ಮ ಕಥೆಯನ್ನು ಪರದೆಗೆ ತರುತ್ತಿದ್ದೀಯ. ಒಂದು ಸಲ, ನಾಲ್ಕು ಜನರ ಎದುರಿಗೆ, ನಿನ್ನನ್ನು ಸಾಕಿದವಳು ನಾನು ಎಂದು ನೋಡುವ ಆಸೆ ಇದೆ. ಬೇರೆ ಏನೂ ಕೇಳಿದವಳಲ್ಲ.

ನಿನ್ನ ದೊಡ್ಡಮ್ಮ

*

ಮೇ ೨೭

ನಮ್ಮ ಗೂಬೆಗೆ,

ಇವತ್ತು ಮುದುಕ ನಾಯಕನ ಚಿತ್ರದ ಬಗ್ಗೆ ಬರೆಯುತ್ತೇನೆ. ನಿನ್ನದು ಬಂದು ವಾರವಾಯಿತು ಎಂದು ಗೊತ್ತು. ಪೋಸ್ಟರು ನಮ್ಮ ಕಿಟಕಿಗೆ ಎದುರೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮುದುಕನಿಗೆ ಮೊಮ್ಮಗಳ ವಯಸ್ಸಿನ ಜೋಡಿ. ಕುಣಿಯುವಾಗ ಕ್ಯಾಮೆರಾ ಅವನ ಭುಜದಿಂದ ಮೇಲೆ ಮಾತ್ರ ನಿಲ್ಲುತ್ತದೆ, ಯಾಕೆಂದರೆ ಕಾಲು ಬೇರೆ ಯಾರದ್ದೋ. ಅವನ ಕೋಟಿನ ಬೆನ್ನಿಗೆ ಎರಡು ಸಲ ಬಟ್ಟೆ ಬಿಟ್ಟು ಅಗಲ ಮಾಡಿದ್ದಾರೆ, ಹೊಲಿಗೆಯ ಗೆರೆ ಕಾಣುತ್ತದೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳಲಾರದೆ ಎಷ್ಟು ಜನ ಎಷ್ಟು ಕಷ್ಟಪಡುತ್ತಾರೆ ಅನ್ನಿಸಿತು.

ಮಿಷನ್ನು ಮೊನ್ನೆ ಬಂತು. ಕಂಬಳಿ ತೆಗೆದಾಗ ಇದು ನಮ್ಮದಲ್ಲ ಅಂದೆ. ಮೈತುಂಬ ತುಕ್ಕು, ಚಕ್ರಕ್ಕೆ ಕೊಳೆ, ಹಲಗೆಯ ಮೇಲೆ ಸೀಳು. ತಂದವನು ನಕ್ಕ: "ತುಕ್ಕಲ್ಲ ಅಜ್ಜಿ, ಪೇಂಟು. ತುಂಬಾ ಹೊಸದಾಗಿ ಕಾಣ್ತಿತ್ತು. ಬಡವರ ಮನೇದು ಅನ್ನಿಸ್ಬೇಕಲ್ಲ." ವಾರಕ್ಕೊಮ್ಮೆ ಎಣ್ಣೆ ಹಾಕಿ, ಹಳೆಯ ಅಂಗಿಯಿಂದ ಒರೆಸಿ ಇಟ್ಟುಕೊಂಡಿದ್ದೆ. ನಾವು ಬಡವರಾಗಿದ್ದೆವು, ಕೊಳಕರಾಗಿರಲಿಲ್ಲ. ಸೀಳು ಕೂಡ ಪೇಂಟೇ ಎಂದು ಉಗುರು ಹಾಕಿ ನೋಡಿದೆ. ಸೀಳು ನಿಜದ್ದು.

ಸೀಮೆಎಣ್ಣೆ ತಂದು ಉಜ್ಜುತ್ತಿದ್ದೇನೆ.

ದೊಡ್ಡಮ್ಮ

*

ಜೂನ್ ೩

ದೊಡ್ಡಮ್ಮ,

ಹಲಗೆಯ ಖರ್ಚನ್ನು ಕಂಪನಿಯವರು ಕೊಡುತ್ತಾರೆ, ಕ್ಷಮಿಸು.

ಆದರೆ ಇದೇನು? ಮುದುಕನ ಕೋಟಿನ ಬಗ್ಗೆ ಬರೆಯುತ್ತೀಯ, ನನ್ನ ಚಿತ್ರದ ಬಗ್ಗೆ ಒಂದು ಅಕ್ಷರವಿಲ್ಲ. ಪತ್ರಿಕೆಗಳಲ್ಲಿ ಹೊಗಳಿದ್ದಾರೆ. ಮೊದಲ ಆಟಕ್ಕೆ ಅಮ್ಮ ಅತ್ತದ್ದನ್ನು ಟಿವಿಯಲ್ಲೂ ತೋರಿಸಿದರು. ಎಲ್ಲ ಬಂತು, ನಿನ್ನ ಅಭಿಪ್ರಾಯ ಬರಲಿಲ್ಲ. ಚಿಕ್ಕಂದಿನಲ್ಲಿ ಚಿತ್ರ ಚೆನ್ನಾಗಿಲ್ಲದಿದ್ದರೆ ನೀನು ಮಧ್ಯಂತರಕ್ಕೇ ನನ್ನನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದೆ. ಬೈಯಬೇಕಿದ್ದರೂ ಬೈ. ನೋಡಿದ್ದೀಯೋ ಇಲ್ಲವೋ ಅದನ್ನಾದರೂ ಹೇಳು.

ಗೂಬೆ

*

ಜೂನ್ ೧೧

ಗೂಬೆಗೆ,

ನೋಡಿದ್ದೇನೆ. ಮೊದಲ ದಿನ, ಮಧ್ಯಾಹ್ನದ ಆಟ. ನರ್ಸು ರಜೆ ಹಾಕಿ ಬಂದಿದ್ದಳು. ನಿನ್ನ ಚಿತ್ರಕ್ಕೆ ಅವಳು ನಿದ್ದೆ ಹೋಗಲಿಲ್ಲ. ಅದನ್ನು ಹೊಗಳಿಕೆ ಎಂದೇ ತಿಳಿ.

ಬೇರೆಯವರ ಚಿತ್ರಗಳಿಗೆ ಬರೆದ ಹಾಗೆಯೇ ಬರೆಯುತ್ತೇನೆ. ಹುಡುಗನಾಗಿ ಮಾಡಿದವನು ಬಹಳ ಚೆನ್ನಾಗಿದ್ದಾನೆ, ನಿನ್ನ ಹಾಗೇ ಕಣ್ಣು ಬಿಡುತ್ತಾನೆ. ಬೀದಿ, ಮೆಟ್ಟಿಲು, ಕಿಟಕಿಯಿಂದ ಬೀಳುವ ಬಿಸಿಲು, ಎಲ್ಲ ನಮ್ಮದೇ. ತಾಯಿಯಾದ ನಾಯಕಿ ನೋಡಲು ಲಕ್ಷಣವಾಗಿದ್ದಾಳೆ. ದೂರದ ಊರಿನ ಕೋಣೆಯಲ್ಲಿ ಒಬ್ಬಳೇ ಕೂತು, ನನ್ನ ಮಿಷನ್ನಿನ ಮೇಲೆ, ಮಗನ ಹುಟ್ಟುಹಬ್ಬಕ್ಕೆ ಬಿಳಿ ಅಂಗಿ ಹೊಲಿದು ನೀಲಿ ಗುಂಡಿ ಹಾಕಿ ಅಂಚೆಯಲ್ಲಿ ಕಳಿಸುತ್ತಾಳೆ. ಆಗ ಇಡೀ ಥಿಯೇಟರಿನಲ್ಲಿ ಮೂಗೊರೆಸುವ ಸದ್ದು.

ಆಮೇಲೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬಳು ಬರುತ್ತಾಳೆ, ಹುಡುಗನ ದೊಡ್ಡಮ್ಮ. ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಹುಡುಗ ಅಳುತ್ತಾನೆ, ಇವಳು ಬೀಗದ ಕೈ ತಿರುಗಿಸುತ್ತಾ ನಿಲ್ಲುತ್ತಾಳೆ. ನನ್ನ ಹಿಂದಿನ ಸಾಲಿನವನು "ಇವಳಿಗೆ ಹುಳ ಬೀಳ" ಅಂದ. ನರ್ಸು ನನ್ನ ಕಿವಿಯಲ್ಲಿ ಕೇಳಿದಳು: "ಅಕ್ಕಾ, ಇದೇನು, ನಿಮ್ಮ ಹಾಗೇ ಕನ್ನಡಕಕ್ಕೆ ದಾರ ಕಟ್ಟಿದಾರಲ್ಲ?" ನಾನು "ಎಷ್ಟೋ ಜನ ಕಟ್ಕೋತಾರೆ, ಸುಮ್ನೆ ನೋಡು" ಅಂದೆ. ಆದರೆ ಮೆಲ್ಲಗೆ ನನ್ನದನ್ನು ತೆಗೆದು ಕೈಯಲ್ಲಿ ಹಿಡಿದೆ. ಉಳಿದ ಚಿತ್ರ ಮಂಜುಮಂಜಾಗಿ ಕಂಡಿತು.

ಈಗ ಚಿತ್ರದಲ್ಲಿನ ತಪ್ಪು. ಆ ಅಂಗಿ ಎಲ್ಲಿಂದಲೂ ಬಂದದ್ದಲ್ಲ. ಆಸ್ಪತ್ರೆಯ ಸಮವಸ್ತ್ರ ಹೊಲಿದು ಉಳಿದ ತುಂಡುಗಳನ್ನು ಜೋಡಿಸಿ ನಾನು ಹೊಲಿದದ್ದು. ನೀನು ಶಾಲೆಗೆ ಹೋದ ಹೊತ್ತಿನಲ್ಲಿ. ಹುಟ್ಟುಹಬ್ಬಕ್ಕೆ ನಿನ್ನಮ್ಮನಿಂದ ಏನಾದರೂ ಬಂತಾ ಎಂದು ನೀನು ಪ್ರತಿ ವರ್ಷ ಬಾಗಿಲಿಗೆ ಓಡುತ್ತಿದ್ದೆ. ನನಗೆ ಅದನ್ನು ನೋಡಲಾಗಲಿಲ್ಲ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ವಿಳಾಸ ಬರೆದೆ, ನಮ್ಮ ಬೀದಿಯ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಮಾರನೆಯ ದಿನ ಅಂಚೆಯವನು ಅದನ್ನೇ ತಂದುಕೊಟ್ಟ. ನೀನು ಅದನ್ನು ಹಾಕಿಕೊಂಡೇ ಮಲಗಿದೆ. "ಅಮ್ಮನ ವಾಸನೆ ಬರ್ತಿದೆ" ಅಂದೆ. ಹೊಸ ಬಟ್ಟೆಯ ಗಂಜಿಯ ವಾಸನೆ ಅದು. ಹಾಗೆ ಮಾಡಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ, ನೀನು ಚೆನ್ನಾಗಿ ನಿದ್ದೆ ಮಾಡಿದೆಯಲ್ಲ.

ನಿನಗೆ ಗೊತ್ತಿರಲಿಲ್ಲ, ನಾನು ಹೇಳಿದ್ದನ್ನು ನಂಬಿದೆ, ಅದನ್ನೇ ತೆಗೆದೆ. ಅಲ್ಲಿಯವರೆಗೆ ನಿನ್ನ ತಪ್ಪಿಲ್ಲ. ಪೆಟ್ಟಿಗೆ ಯಾರದ್ದು, ಬೀಗ ಯಾರದ್ದು? ಅದನ್ನು ನಾನು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬೀಗ ಹಾಕಿಡುವಂಥದ್ದು ಏನಿತ್ತು? ಇದಕ್ಕೆ ಉತ್ತರ ಬರೆ.

ದೊಡ್ಡಮ್ಮ

*

ಜೂನ್ ೨೦

ದೊಡ್ಡಮ್ಮ,

ಫೋನ್ ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಸುಳ್ಳು ಹೇಳುತ್ತೇನೆಂದು ಬರೆಯುತ್ತಿದ್ದೇನೆ.

ನನಗೆ ಗೊತ್ತಿತ್ತು. ಆವತ್ತೇ ಗೊತ್ತಾಗಿತ್ತು. ನೀನು ಅಕ್ಷರ ಮರೆಸಿದೆ, ಆದರೆ ಅಂಚೆಯ ಮುದ್ರೆ ನಮ್ಮ ಊರಿನದೇ ಇತ್ತು. ಅಂಗಿಯ ಕಾಲರಿನ ತಿರುವಿನಲ್ಲಿ ನಮ್ಮ ಮಿಷನ್ನು ಯಾವಾಗಲೂ ಒಂದು ಹೊಲಿಗೆ ಹಾರಿಸುತ್ತಿತ್ತಲ್ಲ, ಅದೂ ಇತ್ತು. ನಿನಗೆ ಬೇಸರವಾದೀತೆಂದು ಅಮ್ಮನ ವಾಸನೆ ಅಂದೆ.

ಮೊದಲು ಬರೆದ ಕಥೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು. ನಿರ್ಮಾಪಕರು ಓದಿ, "ದೊಡ್ಡಮ್ಮನ ಕಥೆಗೆ ಯಾರ್ರೀ ಟಿಕೆಟ್ ತಗೋತಾರೆ? ತಾಯಿ ಕಳಿಸ್ಲಿ. ತಡೆಯೋದಕ್ಕೆ ಮನೇಲಿ ಒಬ್ಬರು ಇರ್ಲಿ" ಅಂದರು. ಅಮ್ಮ ಪಕ್ಕದಲ್ಲಿ ಕೂತಿದ್ದಳು. ಅವಳು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಬಂದವರಿಗೆಲ್ಲ ಆ ಅಂಗಿಯ ಬಟ್ಟೆ ಎಲ್ಲಿ ಕೊಂಡೆ, ಗುಂಡಿ ಹೇಗೆ ಆರಿಸಿದೆ ಎಂದು ಹೇಳುತ್ತಾಳೆ. ತಾನೇ ಕಳಿಸಿದ್ದೆಂದು ನಂಬಿಬಿಟ್ಟಿದ್ದಾಳೆ. ಅದನ್ನು ಅವಳಿಂದ ಹೇಗೆ ಕಿತ್ತುಕೊಳ್ಳಲಿ?

ನೀನು ಗಟ್ಟಿಗಿತ್ತಿ. ನಿನಗಾದರೆ ತಡೆದುಕೊಳ್ಳುವ ಶಕ್ತಿ ಇದೆ ಅಂದುಕೊಂಡೆ.

ಗೂಬೆ

*

ಜೂನ್ ೨೯

ಗೂಬೆಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನಗೆ ಗೊತ್ತಿರಲಿಲ್ಲ ಎಂದುಕೊಂಡು ಇಷ್ಟು ದಿನ ನಿನ್ನ ಪರವಾಗಿ ನಾನೇ ವಾದ ಮಾಡುತ್ತಿದ್ದೆ. ಆ ಕೆಲಸ ತಪ್ಪಿತು.

ಗಟ್ಟಿಗಿತ್ತಿ ಅಂದಿದ್ದೀಯ. ಬಟ್ಟೆ ದಪ್ಪ ಎಂದು ಗೊತ್ತಾದರೆ ನಾವು ದಪ್ಪ ಸೂಜಿ ಹಾಕುತ್ತೇವೆ. ಬಟ್ಟೆಯನ್ನು ಕೇಳಿ ಹಾಕುವುದಿಲ್ಲ. ಅಷ್ಟು ನೀನು ನನ್ನ ಹತ್ತಿರವೇ ಕಲಿತಿರಬೇಕು.

ನಿನ್ನಮ್ಮನಿಂದ ಏನನ್ನೂ ಕಿತ್ತುಕೊಳ್ಳಬೇಡ. ಅವಳು ಅಂಗಿ ಇಟ್ಟುಕೊಳ್ಳಲಿ. ಅದು ಅವಳ ಕಡೆಯಿಂದ ಬಂತೆಂದು ನಾನೇ ತಾನೆ ಹೇಳಿದ್ದು? ಹಲಗೆಯ ಖರ್ಚೂ ಬೇಡ. ಎದುರಿನ ಬಡಗಿ ಪಟ್ಟಿ ಹೊಡೆದುಕೊಟ್ಟ. ಪೇಂಟು ಬಹುಪಾಲು ಹೋಯಿತು. ಚಕ್ರದ ಒಳಮೈಯಲ್ಲಿ ಒಂದಿಷ್ಟು ಉಳಿದಿದೆ, ಅಲ್ಲಿಗೆ ಬೆರಳು ಹೋಗುವುದಿಲ್ಲ. ನರ್ಸಿನ ಸಮವಸ್ತ್ರ ಹೊಲಿದೆ. ಈಗಲೂ ಕಾಲರಿನ ತಿರುವಿನಲ್ಲಿ ಒಂದು ಹೊಲಿಗೆ ಹಾರುತ್ತದೆ. ಕೈಯಿಂದ ಹಾಕಿ ಮುಚ್ಚಿದೆ, ಯಾರ ಕಣ್ಣಿಗೂ ಬೀಳದಿರಲಿ ಎಂದು.

ಈ ಬೇಸಿಗೆಯ ಕೊನೆಯ ಅಭಿಪ್ರಾಯ ಇದು. ಮುಂದಿನ ಬೇಸಿಗೆಯಿಂದ ಬರೆಯುವುದಿಲ್ಲ. ಪೇಪರಿನವರು ಚೆನ್ನಾಗಿ ಬರೆಯುತ್ತಾರೆ.

ನಿನ್ನ ಚಿತ್ರ ನಮ್ಮ ಥಿಯೇಟರಿನಿಂದ ಗುರುವಾರ ಹೋಯಿತು. ಕೊನೆಯ ದಿನ ಮಧ್ಯಾಹ್ನದ ಆಟಕ್ಕೆ ಮತ್ತೆ ಹೋಗಿದ್ದೆ. ನರ್ಸು ಬೇಡ ಅಂದಳು. "ಯಾಕಕ್ಕಾ, ಹೋಗಿ ಹೋಗಿ ಬೈಸ್ಕೊಂಡು ಬರೋಕಾ?" ಅಂದಳು, ಆದರೂ ಜೊತೆಗೆ ಬಂದಳು. ಅವಳಿಗೆ ಯಾರೂ ಹೇಳಿಲ್ಲ, ತಾನಾಗಿಯೇ ತಿಳಿದುಕೊಂಡಿದ್ದಾಳೆ. ಥಿಯೇಟರಿನಲ್ಲಿ ಬೆರಳೆಣಿಕೆಯ ಜನ. ನಮ್ಮ ಸಾಲಿನಲ್ಲಿ ನಾವಿಬ್ಬರೇ. ಸೀಟಿನ ಕವರು ಈಗ ರೆಕ್ಸಿನ್ನಿನದು, ನಾನು ಹೊಲಿದದ್ದಲ್ಲ. ನನ್ನನ್ನು ಹೋಲುವ ಆ ಹೆಂಗಸು ಬಂದಾಗ ಈ ಸಲ ಕನ್ನಡಕ ತೆಗೆಯಲಿಲ್ಲ, ಪೂರ್ತಿ ನೋಡಿದೆ. ಚೆನ್ನಾಗಿಯೇ ನಟಿಸಿದ್ದಾಳೆ. ನನಗೂ ಅವಳನ್ನು ಕಂಡರೆ ಸಿಟ್ಟು ಬಂತು.

ಕೊನೆಯಲ್ಲಿ ಹುಡುಗ ಪೆಟ್ಟಿಗೆಯ ಬೀಗ ಒಡೆದು ಅಂಗಿ ಹಾಕಿಕೊಂಡು ರಸ್ತೆಯಲ್ಲಿ ನಿಂತು ಕೂಗುತ್ತಾನಲ್ಲ, "ಅಮ್ಮಾ" ಎಂದು. ಸುತ್ತ ಕತ್ತಲು. ಆ ದನಿ ಹಿಂದಿನ ಹಾಗೇ, ನನ್ನ ಪಕ್ಕದ ಸೀಟಿನಿಂದಲೇ ಬಂದ ಹಾಗಿತ್ತು.

ನಾನು "ಏನೋ?" ಅಂದೆ.

ಜೋರಾಗಿಯೇ ಅಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನಿದ್ದೆ ಹೋಗಿದ್ದ ನರ್ಸು ಎಚ್ಚರವಾಗಿ "ಯಾರಿಗಕ್ಕಾ?" ಎಂದು ಕೇಳಿದಳು. ಅವಳ ಕೈ ಹಿಡಿದು ಎಬ್ಬಿಸಿಕೊಂಡು, ದೀಪ ಹತ್ತುವುದರೊಳಗೆ ಹೊರಗೆ ಬಂದುಬಿಟ್ಟೆ.

ದೊಡ್ಡಮ್ಮ